ಇಸ್ರೇಲಿನಲ್ಲಿ ಮದುವೆ: ರಬ್ಬಿಗಳ ಕಚೇರಿಯೋ, ಸೈಪ್ರಸ್ಸೋ?

ಯೆಹೂದಿ ಜೋಡಿಗೆ ಇಸ್ರೇಲಿನೊಳಗೆ ರಿಜಿಸ್ಟರ್ ಮದುವೆ ಅನ್ನೋದೇ ಇಲ್ಲ. ಸಾಮಾನ್ಯವಾಗಿ ಒಂದೋ ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಕಚೇರಿ, ಇಲ್ಲಾಂದ್ರೆ ವಿದೇಶ.

ರಬ್ಬಿಗಳ ಕಚೇರಿಯಾದರೆ ಮನೆಯ ಹಿರಿಯರಿಗೆ ಖುಷಿ. ಹುಪ್ಪಾ ಚಪ್ಪರ, ಕೆತುಬಾ ಅನ್ನೋ ಮದುವೆ ಒಪ್ಪಂದದ ಪತ್ರ ಓದುವುದು, ಮದುಮಗ ಗಾಜಿನ ಲೋಟ ತುಳಿದು ಒಡೆಯುವುದು, ಎಲ್ಲವೂ ಉಂಟು. ಆದರೆ ತಾಯಿ ಯೆಹೂದಿ ಅಂತ ದಾಖಲೆ ಬೇಕು, ಹಳೇ ಸೋವಿಯತ್ ನಾಡುಗಳಿಂದ ಬಂದವರಿಗೆ ಇದೇ ದೊಡ್ಡ ತಲೆನೋವು, ಯಾಕಂದ್ರೆ ತಂದೆಯ ತಂದೆ ಯೆಹೂದಿಯಾಗಿದ್ದರೆ ಯೆಹೂದಿಗಳು ಇಸ್ರೇಲಿಗೆ ಬಂದು ನೆಲೆಸುವ ಹಕ್ಕಿನ ಕಾನೂನಿಗೆ ಆದ 1970ರ ತಿದ್ದುಪಡಿಯಂತೆ ಪೌರತ್ವ ಸಿಗುತ್ತದೆ, ಆದರೆ ಅಷ್ಟಕ್ಕೇ ಈ ಮದುವೆ ಸಿಗುವುದಿಲ್ಲ. ವಿಚಿತ್ರ ಅಲ್ವಾ? ಕೋಹೆನ್ ಅಂದ್ರೆ ಪುರೋಹಿತ ಮನೆತನದ ಹುಡುಗ ವಿಚ್ಛೇದಿತೆಯನ್ನು ಮದುವೆಯಾಗುವಂತೆಯೂ ಇಲ್ಲ.

ಸೈಪ್ರಸ್‌ನಲ್ಲಿ ಇಂಥ ಪ್ರಶ್ನೆಯೇ ಬರುವುದಿಲ್ಲ. ವಿಮಾನದಲ್ಲಿ ಸುಮಾರು ಒಂದು ಗಂಟೆ, ಅಲ್ಲಿನ ನಗರಸಭೆಯಲ್ಲಿ ಸಹಿ. ಇಸ್ರೇಲಿನ ಸುಪ್ರೀಂ ಕೋರ್ಟಿನ 1963ರ ತೀರ್ಪಿನಿಂದಾಗಿ ವಾಪಸ್ ಬಂದಮೇಲೆ ಸರ್ಕಾರ ಅದನ್ನು ದಾಖಲಿಸಿಕೊಳ್ಳುತ್ತದೆ. ದಾಖಲೆ ಹುಡುಕಾಟ ಬೇಡ ಅನ್ನುವವರಿಗೆ ನನ್ನ ಓಟು ಇದಕ್ಕೇ. ಊಟ, ಕುಣಿತ ಊರಿಗೆ ಬಂದು ಮಾಡಿದರಾಯಿತು.

ಒಂದು ವಿಷಯ ಮಾತ್ರ ಗೊತ್ತಿರಲಿ. ಇಬ್ಬರೂ ಯೆಹೂದಿಗಳಾಗಿದ್ದರೆ, ಮದುವೆ ಎಲ್ಲೇ ಆಗಲಿ, ವಿಚ್ಛೇದನ ಮಾತ್ರ ರಬ್ಬಿಗಳ ಕೋರ್ಟಿನಲ್ಲೇ. ಸಾಂಪ್ರದಾಯಿಕ ಮದುವೆಯಲ್ಲಂತೂ ಗಂಡ ತಾನಾಗಿ 'ಗೆಟ್' ಅನ್ನೋ ವಿಚ್ಛೇದನ ಪತ್ರ ಕೊಡದಿದ್ದರೆ ಹೆಂಡತಿ ವರ್ಷಗಟ್ಟಲೆ ಸಿಕ್ಕಿಬೀಳಬಹುದು. ಅದಕ್ಕೇ ಮದುವೆಗೆ ಮೊದಲೇ ವಕೀಲರ ಹತ್ತಿರ ಒಪ್ಪಂದ ಬರೆಸಿಟ್ಟುಕೊಳ್ಳಿ.