ಅಫ್ಘನ್ ಹೆಣ್ಣುಮಕ್ಕಳ ಕಥೆ: ಮೂರು ಕಾದಂಬರಿಗಳಲ್ಲಿ ಮೊದಲು ಯಾವುದು?

ಅಫ್ಘಾನಿಸ್ತಾನದ ಯುದ್ಧದ ಬಗ್ಗೆ ಏನೇ ಓದಿದರೂ ಸೋವಿಯತ್ ಸೈನ್ಯ, ಅದರ ವಿರುದ್ಧ ಹೋರಾಡಿದ ಮುಜಾಹಿದೀನ್, ತಾಲಿಬಾನ್ ಅಂತ ಗಂಡಸರ ಮಾತೇ ಜಾಸ್ತಿ. ಅದೇ ಹೊತ್ತಿಗೆ ಮನೆಯೊಳಗೆ ಏನು ನಡೀತಿತ್ತು? ಅದು ತಿಳಿಯಲಿ ಎಂದೇ ನಾನು ಮೂರು ಕಾದಂಬರಿಗಳನ್ನು ಒಂದರ ಹಿಂದೆ ಒಂದು ಓದಿದೆ, ಮೂರನ್ನೂ ಇಂಗ್ಲಿಷಿನಲ್ಲಿ. ಖಾಲಿದ್ ಹೊಸೇನಿಯ ‘ಎ ಥೌಸಂಡ್ ಸ್ಪ್ಲೆಂಡಿಡ್ ಸನ್ಸ್’, ಅತೀಕ್ ರಹೀಮಿಯ ‘ದಿ ಪೇಷನ್ಸ್ ಸ್ಟೋನ್’, ನಾದಿಯಾ ಹಾಶಿಮಿಯ ‘ದಿ ಪರ್ಲ್ ದಟ್ ಬ್ರೋಕ್ ಇಟ್ಸ್ ಶೆಲ್’. ಮೊದಲು ಯಾವುದನ್ನು ಹಿಡಿಯಲಿ ಅಂತ ಯಾರಾದರೂ ಕೇಳಿದರೆ, ಹೊಸೇನಿ ಅಂತಲೇ ಹೇಳುತ್ತೇನೆ.

2007ರಲ್ಲಿ ಬಂದ ಈ ಪುಸ್ತಕದಲ್ಲಿ ಇಬ್ಬರು ಹೆಂಗಸರು. ಹೆರಾತ್ ಊರಾಚೆ, ಮದುವೆಯಾಗದ ತಾಯಿಗೆ ಹುಟ್ಟಿದ ಮರಿಯಮ್. ಹದಿನೈದಕ್ಕೇ ಅವಳನ್ನು ಕಾಬೂಲಿನ ಚಪ್ಪಲಿ ಅಂಗಡಿಯ ರಶೀದನಿಗೆ ಕಟ್ಟುತ್ತಾರೆ. ಇನ್ನೊಬ್ಬಳು ಅದೇ ಬೀದಿಯ ಲೈಲಾ, 1978ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಕಿತ್ತುಕೊಂಡ ರಾತ್ರಿ ಹುಟ್ಟಿದವಳು. 1992ರಲ್ಲಿ ಮುಜಾಹಿದೀನ್ ಗುಂಪುಗಳು ಕಾಬೂಲಿಗಾಗಿ ತಮ್ಮತಮ್ಮಲ್ಲೇ ಬಡಿದಾಡುವಾಗ ರಾಕೆಟ್ ಬಿದ್ದು ಲೈಲಾಳ ಅಪ್ಪ ಅಮ್ಮ ಸಾಯುತ್ತಾರೆ. ಅವಳು ರಶೀದನಿಗೆ ಎರಡನೇ ಹೆಂಡತಿಯಾಗುತ್ತಾಳೆ.

ನಮ್ಮ ಸಿನಿಮಾಗಳಲ್ಲಿ ಸವತಿಯರು ಅಂದರೆ ಕಿತ್ತಾಟ ಗ್ಯಾರಂಟಿ, ಅಲ್ವಾ? ಇಲ್ಲೂ ಶುರುವಾಗುವುದು ಹಾಗೇ. ಒಂದು ರಾತ್ರಿ ರಶೀದ್ ಬೆಲ್ಟ್ ಹಿಡಿದು ಮರಿಯಮ್ ಮೇಲೆ ಬರುತ್ತಾನೆ. ಲೈಲಾ ಅವನ ಕೈ ಹಿಡಿದು ತಡೆಯುತ್ತಾಳೆ. ಆಮೇಲೆ ಮರಿಯಮ್ ತಾನೇ ಹೊಲಿದ ಮಗುವಿನ ಬಟ್ಟೆಗಳನ್ನು ಲೈಲಾಗೆಂದು ಇಡುತ್ತಾಳೆ. ಇಬ್ಬರೂ ಹೊರಗೆ ಕುರ್ಚಿ ಹಾಕಿಕೊಂಡು, ಒಂದೇ ಬಟ್ಟಲಿನಿಂದ ಹಲ್ವಾ ತಿನ್ನುತ್ತಾ ಚಹಾ ಕುಡಿಯುತ್ತಾರೆ. ಇನ್ನೊಂದು ಕಪ್, ಮತ್ತೂ ಒಂದು ಕಪ್. ಅಷ್ಟೇ ನಡೆಯುವುದು. ದೊಡ್ಡ ಮಾತಿಲ್ಲ, ಅಳು ಇಲ್ಲ. ನನ್ನ ಮಟ್ಟಿಗೆ ಇಡೀ ಕಾದಂಬರಿ ನಿಂತಿರುವುದೇ ಆ ಚಹಾದ ಮೇಲೆ. ಅನ್ನ ಸರಿಯಾಗಿ ಬೆಂದಿಲ್ಲ ಅಂತ ರಶೀದ್ ಮರಿಯಮ್ ಬಾಯಿಗೆ ಕಲ್ಲು ತುರುಕಿ ಅಗಿಸುವ ಜಾಗ ಓದಿ ಪುಸ್ತಕ ಮುಚ್ಚಿಟ್ಟಿದ್ದೆ. ಮತ್ತೆ ತೆಗೆದು ಓದುವ ಹಾಗೆ ಮಾಡಿದ್ದು ಈ ಗೆಳೆತನ.

ಕೊರತೆಯೂ ಇದೆ. ರಶೀದ್ ತುಂಬಾ ಕೆಟ್ಟವನು, ಲೈಲಾ ಪ್ರೀತಿಸಿದ ತಾರಿಕ್ ತುಂಬಾ ಒಳ್ಳೆಯವನು. ಕೆಲವು ಕಡೆ ಪಾತ್ರಗಳು ಮಾತಾಡುವುದು ಬಿಟ್ಟು ವಾರ್ತೆ ಓದಿದ ಹಾಗಿದೆ. ಆದರೂ ಯಾವ ಸರ್ಕಾರ ಹೋಗಿ ಯಾವುದು ಬಂತು, ಪ್ರತಿ ಸಲ ಹೆಂಗಸರ ಪಾಲಿಗೆ ಏನು ಬದಲಾಯಿತು ಎನ್ನುವುದು ಹೊಸಬರಿಗೂ ಸಲೀಸಾಗಿ ಅರ್ಥವಾಗುತ್ತದೆ.

ರಹೀಮಿಯದ್ದು ಪೂರ್ತಿ ಬೇರೆ. ಸಣ್ಣ ಪುಸ್ತಕ, ಒಂದೇ ಕೋಣೆ, ಹೆಸರಿಲ್ಲದ ಹೆಂಗಸು. ಕುತ್ತಿಗೆಗೆ ಗುಂಡು ಬಿದ್ದು ಪ್ರಜ್ಞೆ ಇಲ್ಲದೆ ಮಲಗಿದ ಗಂಡ. ಅವಳು ಜಪಮಣಿ ಎಣಿಸುತ್ತಾ ಅವನ ಉಸಿರು ಎಣಿಸುತ್ತಾಳೆ. ಅವನಿಗೆ ಡ್ರಿಪ್‌ನಲ್ಲಿ ಹೋಗುವುದು ಸಕ್ಕರೆ ಉಪ್ಪಿನ ನೀರು. ಅವಳು ಹೊರಗೆ ಹೋದರೂ ಕಥೆ ಕೋಣೆ ಬಿಟ್ಟು ಹೋಗುವುದಿಲ್ಲ. ಗುಂಡಿನ ಸದ್ದು, ಮಕ್ಕಳ ದನಿ ಗೋಡೆಯಾಚೆಯಿಂದ ಕೇಳಿಸುತ್ತದೆ. ಗಂಡ ಎದ್ದಿದ್ದಾಗ ಹೇಳಲಾಗದ್ದನ್ನೆಲ್ಲ ಅವಳು ಈಗ ಒಂದೊಂದಾಗಿ ಹೇಳುತ್ತಾ ಹೋಗುತ್ತಾಳೆ. ಮರಿಯಮ್ ನುಂಗಿಕೊಂಡ ಸಿಟ್ಟೆಲ್ಲ ಇವಳ ಬಾಯಲ್ಲಿ ಬಂದಂತೆ ನನಗೆ ಅನ್ನಿಸಿತು. ರಹೀಮಿ ಇದನ್ನು ಬರೆದದ್ದು ಫ್ರೆಂಚಿನಲ್ಲಿ. 2008ರಲ್ಲಿ ಫ್ರಾನ್ಸಿನ ದೊಡ್ಡ ಸಾಹಿತ್ಯ ಪ್ರಶಸ್ತಿ ಗೊಂಕೂರ್ ಬಂತು. ಹೆರಾತಿನ ಕವಿ ನಾದಿಯಾ ಅಂಜುಮನ್ ನೆನಪಿನಲ್ಲಿ ಬರೆದ ಪುಸ್ತಕ ಇದು. ತಾಲಿಬಾನ್ ಕಾಲದಲ್ಲಿ ಹೊಲಿಗೆ ಕ್ಲಾಸ್ ಎಂಬ ನೆಪದಲ್ಲಿ ಕದ್ದು ಸಾಹಿತ್ಯ ಕಲಿತ ಹುಡುಗಿ. 2005ರಲ್ಲಿ, ಗಂಡ ಹೊಡೆದ ಮೇಲೆ ತೀರಿಕೊಂಡಳು. ಅದು ಗೊತ್ತಿದ್ದು ಓದಿದರೆ ಒಂದೊಂದು ಸಾಲೂ ಚುಚ್ಚುತ್ತದೆ. ಆದರೆ ದೇಶದ ಚರಿತ್ರೆ ಇಲ್ಲಿ ಸಿಗುವುದಿಲ್ಲ, ಅದಕ್ಕೇ ಇದು ಎರಡನೆಯದು.

ಹಾಶಿಮಿಯ ಕಾದಂಬರಿ 2014ರದ್ದು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹುಡುಗಿಗೆ ಹುಡುಗನ ವೇಷ ಹಾಕಿ ಬೆಳೆಸುವ ‘ಬಚಾ ಪೋಶ್’ ಪದ್ಧತಿ ಇದರ ವಸ್ತು. ಈಗಿನ ಕಾಲದ ರಹೀಮಾ, ನೂರು ವರ್ಷ ಹಿಂದಿನ ಅವಳ ಪೂರ್ವಜೆ ಶೆಕೀಬಾ, ಇಬ್ಬರ ಕಥೆ ಒಂದಾದ ಮೇಲೊಂದು ಬರುತ್ತದೆ. ಬರವಣಿಗೆ ಸರಳ, ಅಲ್ಲಲ್ಲಿ ಸ್ವಲ್ಪ ಸಪ್ಪೆ. ಆದರೆ ಉಳಿದೆರಡರಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿದೆ. ಬಂದೂಕು ಹಿಡಿದವನೇ ಯುದ್ಧ ಮುಗಿದ ಮೇಲೆ ಊರಿನ ದೊಡ್ಡ ಮನುಷ್ಯನಾಗುತ್ತಾನೆ. ಅವನ ಒಬ್ಬ ಹೆಂಡತಿ ಸಂಸತ್ ಸದಸ್ಯೆ. 2004ರ ಸಂವಿಧಾನದಲ್ಲಿ ಕೆಳಮನೆಯ 249 ಸೀಟುಗಳಲ್ಲಿ 68 ಹೆಂಗಸರಿಗೆ ಮೀಸಲಿತ್ತು. ಸೀಟು ಅವಳದ್ದು, ವೋಟು ಗಂಡ ಹೇಳಿದವರಿಗೆ. ನಮ್ಮ ಪಂಚಾಯಿತಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರಲ್ಲಿ ತಾಲಿಬಾನ್ ವಾಪಸ್ ಬಂದ ಮೇಲೆ ಆ ಸೀಟುಗಳೂ ಇಲ್ಲ, ಆರನೇ ಕ್ಲಾಸಿನ ನಂತರ ಹುಡುಗಿಯರಿಗೆ ಶಾಲೆಯೂ ಇಲ್ಲ.

ಕಾಲೇಜಿಗೆ ಹೋಗುವ ಮಗಳಿಗೋ ತಂಗಿಗೋ ಕೊಡುವುದಾದರೆ ಹಾಶಿಮಿಯಿಂದ ಶುರು ಮಾಡಿಸಿದರೂ ನಡೆಯುತ್ತದೆ. ರಹೀಮಿಯ ಪುಸ್ತಕ ಮಾತ್ರ ದೊಡ್ಡವರಿಗೆ. ಗಂಡ ಹೆಂಡಿರ ನಡುವಿನ ಮಾತೆಲ್ಲ ಅದರಲ್ಲಿ ಬಿಚ್ಚಿ ಬರುತ್ತದೆ. ಬಸ್ಸಿನಲ್ಲಿ ಬಿಟ್ಟು ಬಿಟ್ಟು ಓದುವ ಪುಸ್ತಕವೂ ಅಲ್ಲ. ಒಂದು ಭಾನುವಾರ ಪೂರ್ತಿ ಬಿಡುವು ಮಾಡಿಕೊಂಡು ಕೂತರೆ ಒಳ್ಳೇದು.