ಎರಡು ಸಿಮ್, ಫೈಬರ್, ಡಿಶ್: ಮಲೆನಾಡಿನ ಮಳೆಯಲ್ಲಿ ಮಾತು ಕಡಿಯದೆ ಉಳಿದದ್ದು ಯಾವುದರಲ್ಲಿ?

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿದೆ. ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡುತ್ತೇನೆ, ದಿನಕ್ಕೆ ಎರಡು ಮೂರು ಮೀಟಿಂಗ್ ಇದ್ದೇ ಇರುತ್ತವೆ. ಇಂಟರ್ನೆಟ್ ಅಂದ ಕೂಡಲೇ ಎಲ್ಲರೂ ಕೇಳುವುದು "ಸ್ಪೀಡ್ ಎಷ್ಟು ಬರುತ್ತೆ?" ಅಂತ. ಒಂದು ಮಳೆಗಾಲ ಎಲ್ಲವನ್ನೂ ಬಳಸಿ ನೋಡಿದ ಮೇಲೆ ನಾನು ಕೇಳುವ ಪ್ರಶ್ನೆ ಬದಲಾಗಿದೆ. ಒಂದು ಕೈಕೊಟ್ಟು ಇನ್ನೊಂದಕ್ಕೆ ಹೋಗುವಾಗ, ನಡೆಯುತ್ತಿದ್ದ ಮಾತು ಉಳಿಯುತ್ತದಾ?

ಮೊದಲು ಸಿಮ್. ಬೇರೆ ಬೇರೆ ಕಂಪನಿಯ ಎರಡಿವೆ. ಶಿವಮೊಗ್ಗದಲ್ಲಿ ಬಸ್ ಹತ್ತಿ, ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆವರೆಗೆ ಅಕ್ಕನ ಜೊತೆ ಒಂದೇ ಕರೆಯಲ್ಲಿ ಮಾತಾಡಿದ್ದೇನೆ. ದಾರಿಯಲ್ಲಿ ಟವರ್ ಬದಲಾಗಿದ್ದು ಗೊತ್ತೇ ಆಗಲಿಲ್ಲ. ಒಂದೇ ಕಂಪನಿಯೊಳಗೆ ಟವರ್ ಬದಲಾದರೂ ಫೋನಿನ ಐಪಿ ವಿಳಾಸ (ನೆಟ್‌ನಲ್ಲಿ ಫೋನನ್ನು ಗುರುತಿಸುವ ನಂಬರ್) ಅದೇ ಇರುತ್ತದೆ, ಮುಂದಿನ ಟವರ್ ಮೊದಲೇ ಜಾಗ ಮಾಡಿಟ್ಟಿರುತ್ತದೆ. ಡೇಟಾ ಒಂದು ಸಿಮ್‌ನಿಂದ ಇನ್ನೊಂದಕ್ಕೆ ಹಾರಿದರೆ ಮಾತ್ರ ವಿಳಾಸವೇ ಬೇರೆ ಆಗುತ್ತದೆ, ಮೀಟಿಂಗ್ ಆರೇಳು ಸೆಕೆಂಡ್ ಸ್ತಬ್ಧ.

ಇನ್ನೊಂದು ವಿಷಯ. ಸಂಜೆ ಏಳರ ಮೇಲೆ ವಿಡಿಯೊ ಸುಮ್ನೆ ಸುತ್ತುತ್ತಲೇ ಇರುತ್ತದೆ, ಆದರೆ ಅದೇ ಸಿಮ್‌ನಲ್ಲಿ ಫೋನ್ ಮಾಡಿದರೆ ಮಾತು ಸ್ಪಷ್ಟ. ವೋಲ್ಟಿ ಕರೆಗೆ, ಅಂದರೆ 4ಜಿ ಮೇಲೆ ಹೋಗುವ ಮಾಮೂಲಿ ಫೋನ್ ಕರೆಗೆ, ಟವರ್ ಬೇರೆಯೇ ಸಾಲು ಕೊಟ್ಟು, ಬೇಕಾದಷ್ಟು ವೇಗ ಎತ್ತಿಟ್ಟಿರುತ್ತದೆ. ವಾಟ್ಸಾಪ್ ಕರೆ ಮಾತ್ರ ಊರವರ ರೀಲ್ಸ್ ಜೊತೆ ಒಂದೇ ಸಾಲಲ್ಲಿ ನಿಲ್ಲಬೇಕು. ಅದಕ್ಕೇ ಮುಖ್ಯವಾದ ಮೀಟಿಂಗ್ ಇದ್ದರೆ ನಾನು ಫೋನ್ ನಂಬರ್‌ಗೆ ಡಯಲ್ ಮಾಡಿಯೇ ಸೇರುತ್ತೇನೆ.

ಫೈಬರ್ ಇರುವಷ್ಟು ಹೊತ್ತು ಅದರ ಮುಂದೆ ಯಾವುದೂ ಇಲ್ಲ. ಬೆಂಗಳೂರಿಗೆ ಪಿಂಗ್, ಅಂದರೆ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು, 12 ಮಿಲಿಸೆಕೆಂಡ್. ಆದರೆ ಜುಲೈನಲ್ಲಿ ಅಕೇಶಿಯಾ ಕೊಂಬೆ ಬಿದ್ದು ಕೇಬಲ್ ಹರಿಯಿತು, ಮೂರು ದಿನ ಇಲ್ಲ. ರಿಪೇರಿಗೆ ಬಂದ ಹುಡುಗ ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು, ಕೂದಲಿನಷ್ಟು ಸಪೂರದ ಗಾಜಿನ ಎಳೆಯನ್ನು ಒರೆಸಿ ಮಿಷನ್‌ಗೆ ಇಡುತ್ತಿದ್ದ. ನಾನು ಕೊಡೆ ಹಿಡಿದಿದ್ದೆ. ಎರಡು ಸಲ ಹನಿ ತಾಗಿತು, ಎರಡು ಸಲವೂ ತುದಿ ಕತ್ತರಿಸಿ ಮತ್ತೆ ಮೊದಲಿಂದ ಶುರು ಮಾಡಿದ. ಆ ಹುಡುಗರಿಗೆ ನಾವು ಕೊಡುವ ಮರ್ಯಾದೆ ಸಾಲದು.

ವೈಫೈ ಕಾಲಿಂಗ್, ಅಂದರೆ ಸಿಮ್‌ನ ಕರೆಯೇ ಮನೆಯ ವೈಫೈ ಮೇಲೆ ಹೋಗುವುದು, ನಮ್ಮಂಥ ಊರಿಗೆ ನಿಜವಾಗಿಯೂ ವರ. ಜಗಲಿಯಲ್ಲಿ ಶುರುವಾದ ಕರೆ, ತೋಟಕ್ಕೆ ಇಳಿಯುತ್ತಾ ಹೋದರೆ ವೈಫೈನಿಂದ ಸಿಮ್‌ಗೆ ತಾನಾಗಿಯೇ ದಾಟುತ್ತದೆ, ಯಾಕೆಂದರೆ ವೈಫೈ ಇರಲಿ, ಟವರ್ ಇರಲಿ, ಕರೆ ಅದೇ ಸಿಮ್ ಕಂಪನಿಯ ಒಳಗೇ ಸಾಗುತ್ತದೆ. ಅಲ್ಲಿ ಸಿಗ್ನಲ್ ಇರಬೇಕು, ಅಷ್ಟೇ. ತೊಂದರೆ ಆಗುವುದು ಅಂಗಳದ ಅಂಚಿನಲ್ಲಿ. ವೈಫೈ ಒಂದೇ ಕಡ್ಡಿಗೆ ಇಳಿದಿದ್ದರೂ ಫೋನ್ ಅದನ್ನೇ ಹಿಡಿದುಕೊಂಡು ಕೂರುತ್ತದೆ. ವೈಫೈ ಸರಿ ಇಲ್ಲದಾಗ ಮೊಬೈಲ್ ಡೇಟಾಗೆ ಹೋಗುವ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಸುಮಾರು ಸರಿಯಾಯಿತು.

ಉಪಗ್ರಹದಿಂದ ಇಂಟರ್ನೆಟ್ ತರುವ ಡಿಶ್ ಇದ್ದದ್ದು ಗೆಳೆಯನ ಹೋಮ್‌ಸ್ಟೇಯಲ್ಲಿ. ಗುಡ್ಡದ ಮೇಲೆ, ಟವರೂ ಇಲ್ಲ, ಕೇಬಲ್ಲೂ ಇಲ್ಲ. ನಾಲ್ಕು ದಿನ ಅಲ್ಲೇ ಕೂತು ಕೆಲಸ ಮಾಡಿದೆ. ಆ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ನಮ್ಮ ಮಾತು ಹತ್ತಿ ಇಳಿದು, ಉತ್ತರವೂ ಹತ್ತಿ ಇಳಿಯುವಷ್ಟರಲ್ಲಿ ಬೆಳಕಿನ ವೇಗದಲ್ಲೇ ಅರ್ಧ ಸೆಕೆಂಡ್ ಹೋಗುತ್ತದೆ. ನನಗೆ ಸಿಕ್ಕಿದ ಪಿಂಗ್ 620 ಮಿಲಿಸೆಕೆಂಡ್‌ನ ಆಸುಪಾಸು. "ಎಂತ ಮಾರಾಯಾ, ಇಬ್ಬರೂ ಒಟ್ಟಿಗೇ ಮಾತಾಡ್ತಿದ್ದೇವೆ" ಅಂತ ಆಫೀಸಿನ ಗೆಳೆಯ ಹೇಳುವಷ್ಟರಲ್ಲಿ ನಾನು ಮುಂದಿನ ಮಾತು ಶುರು ಮಾಡಿಯಾಗಿತ್ತು. ಯುಪಿಐ, ಮೇಲ್, ವಾಟ್ಸಾಪ್ ಮೆಸೇಜ್ ಎಲ್ಲ ಚೆನ್ನಾಗಿ ಹೋಯಿತು. ಆಫೀಸಿನ ನೆಟ್‌ವರ್ಕ್‌ಗೆ ಗುಟ್ಟಾಗಿ ಸೇರಿಸುವ ವಿಪಿಎನ್ ಹಾಕಿದರೆ ಮಾತ್ರ ಆಮೆ. ಈ ದೂರವನ್ನು ಮರೆಸಲು ಉಪಗ್ರಹದವರು ನಡುವೆ ವೇಗ ಹೆಚ್ಚಿಸುವ ವ್ಯವಸ್ಥೆ ಇಟ್ಟಿರುತ್ತಾರೆ, ವಿಪಿಎನ್ ಎಲ್ಲವನ್ನೂ ಬೀಗ ಹಾಕಿ ಕಳಿಸುವುದರಿಂದ ಅದಕ್ಕೆ ಒಳಗೆ ಕೈ ಹಾಕಲು ಆಗುವುದಿಲ್ಲ. ಜಿಟಿಜಿಟಿ ಮಳೆಗೆ ಏನೂ ಆಗಲಿಲ್ಲ, ಧೋ ಅಂತ ಹೊಡೆದಾಗ ಇಪ್ಪತ್ತು ನಿಮಿಷ ಪೂರ್ತಿ ಹೋಯಿತು. ಈ ಡಿಶ್ ಬಳಸುವ ಕೆಯು ಬ್ಯಾಂಡಿನ ರೇಡಿಯೊ ಅಲೆಗಳನ್ನು ದಪ್ಪ ಮಳೆಹನಿ ನುಂಗುತ್ತದೆ. ಆದರೂ ಬೇರೆ ಏನೂ ಇಲ್ಲದ ಗುಡ್ಡದಲ್ಲಿ ಅದು ದೊಡ್ಡ ಆಸರೆ.

ಮನೆಗೆ ಈಗ ಫೈಬರ್ ಮುಖ್ಯ. ಜೊತೆಗೆ ಸಿಮ್ ಹಾಕುವ ರೂಟರ್, ಎರಡಕ್ಕೂ ಒಂದು ಪುಟ್ಟ ಯುಪಿಎಸ್. ಕೇಬಲ್ ಹರಿದರೆ ಮೀಟಿಂಗ್ ಒಮ್ಮೆ ತಡವರಿಸುತ್ತದೆ, ಆಮೇಲೆ ನಡೆಯುತ್ತದೆ. ಎರಡೂ ದಾರಿಯನ್ನು ಒಟ್ಟಿಗೆ ಬಳಸುವ ಮಲ್ಟಿಪಾತ್ ಟಿಸಿಪಿ 2013ರಿಂದಲೇ ಇದೆ, ನಮ್ಮ ಮನೆ ರೂಟರ್‌ಗಳಲ್ಲಿ ಅದು ಮಾಮೂಲಿ ಆಗಬೇಕಿತ್ತು, ಅಲ್ವಾ?

ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್‌ಗೆ 2025ರ ಜೂನ್‌ನಲ್ಲಿ ಭಾರತದ ಪರವಾನಗಿ ಸಿಕ್ಕಿತು. ನಾನು ಬಳಸಿಲ್ಲ, ಹಾಗಾಗಿ ಹೋಲಿಕೆಗೆ ಸೇರಿಸಿಲ್ಲ. ಅದರ ಉಪಗ್ರಹಗಳು ಸುಮಾರು 500 ಕಿಲೋಮೀಟರ್ ಮೇಲಷ್ಟೇ ಇರುವುದರಿಂದ ಮಾತಿನ ತಡ ಬಹಳ ಕಡಿಮೆ ಆಗುತ್ತದೆ. ಆದರೆ ಒಂದೊಂದೂ ಕೆಲವೇ ನಿಮಿಷದಲ್ಲಿ ದಾಟಿ ಹೋಗುವುದರಿಂದ ಡಿಶ್‌ಗೆ ವಿಶಾಲವಾದ ಆಕಾಶ ಬೇಕು. ನಮ್ಮಲ್ಲಿ ಸುತ್ತಲೂ ಅಡಿಕೆ, ಅದರಾಚೆ ಕಾಡು. ಆಕಾಶ ಕಾಣುವುದು ಅಂಗಳದಲ್ಲಿ ಮಾತ್ರ.