ಹನಿ, ಅಗಲದ ಫೋಟೊ, ಓಸಿಟಿ: ಮೂರೂ ಮಾಡಿಸಿ ನೋಡಿದೆ

ನನಗೆ ಶುಗರ್ ಬಂದು 11 ವರ್ಷ ಆಯಿತು. ಕಳೆದ ಒಂದು ವರ್ಷದಲ್ಲಿ ಮಂಡ್ಯ, ಮೈಸೂರು ಸೇರಿ ಮೂರು ರೀತಿಯಲ್ಲಿ ಕಣ್ಣಿನ ಪರದೆ, ಅಂದರೆ ರೆಟಿನಾ ಪರೀಕ್ಷೆ ಮಾಡಿಸಿದೆ. ಯಾವುದು ಮಾಡಿಸಲಿ ಅಂತ ಕೇಳುವವರು ಜಾಸ್ತಿ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಂಡ್ಯದಲ್ಲಿ ಹಳೆಯ ವಿಧಾನ. ಕಣ್ಣಿಗೆ ಹನಿ ಹಾಕಿ ಅರ್ಧ ಗಂಟೆ ಕೂರಿಸಿದರು. ಪಾಪೆ ಅಗಲವಾದ ಮೇಲೆ ಡಾಕ್ಟರು ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು ಮೇಲೆ, ಕೆಳಗೆ, ಪಕ್ಕಕ್ಕೆ ನೋಡಿಸಿದರು. ಪರದೆಯ ಅಂಚಿನವರೆಗೂ ಕಣ್ಣಾರೆ ನೋಡುವುದು ಈ ವಿಧಾನದ ದೊಡ್ಡ ಗುಣ. ಆದರೆ ಚೀಟಿಯಲ್ಲಿ ಎರಡು ಸಾಲು ಬಿಟ್ಟರೆ ಏನೂ ಉಳಿಯುವುದಿಲ್ಲ. ಮುಂದಿನ ವರ್ಷ ಯಾವುದರ ಜೊತೆ ಹೋಲಿಸುತ್ತೀರಿ? ಇನ್ನೊಂದು ಕಷ್ಟ, ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಮೊಬೈಲ್‌ನ ಅಕ್ಷರ ಕಾಣದೆ ಆಟೋದವರಿಗೆ ದುಡ್ಡು ಕಳಿಸಲು ಮಗಳೇ ಬೇಕಾಯಿತು. ನಾಲ್ಕೈದು ಗಂಟೆ ಹೀಗೇ ಇತ್ತು. ಗಾಡಿ ಓಡಿಸಿಕೊಂಡು ಮಾತ್ರ ಹೋಗಬೇಡಿ.

ಆಮೇಲೆ ಮೈಸೂರಿನ ಒಂದು ಕಡೆ ಅಗಲದ ಫೋಟೊ. ಹನಿ ಇಲ್ಲ, ಕಾಯುವುದಿಲ್ಲ. ಯಂತ್ರಕ್ಕೆ ಮುಖ ಒತ್ತಿಕೊಂಡು ಒಳಗೆ ನೋಡಬೇಕು, ಫಳಕ್ಕನೆ ಬೆಳಕು ಬಂತು, ಮುಗಿಯಿತು. ಮಾಮೂಲಿ ಕ್ಯಾಮೆರಾ ಒಂದು ಸಲಕ್ಕೆ ಸುಮಾರು 45 ಡಿಗ್ರಿ ನೋಡಿದರೆ, ಇದು 200 ಡಿಗ್ರಿವರೆಗೆ ಹಿಡಿಯುತ್ತದೆ. ಅಂದರೆ ಪರದೆಯ ಶೇಕಡಾ 80ರಷ್ಟು ಒಂದೇ ಚಿತ್ರದಲ್ಲಿ. ನನ್ನ ಚಿತ್ರದ ಕೆಳಗಡೆ ರೆಪ್ಪೆಗೂದಲು ಅಡ್ಡ ಬಂದು ಸ್ವಲ್ಪ ಭಾಗ ಮುಚ್ಚಿಹೋಗಿತ್ತು. ಇನ್ನೊಮ್ಮೆ ತೆಗೆಯಿರಿ ಅಂತ ಕೇಳಿದೆ, ತೆಗೆಯಲಿಲ್ಲ. ಡಾಕ್ಟರು ಕಣ್ಣು ನೋಡದೆಯೇ, "ಒಂದೆರಡು ಚುಕ್ಕೆ ಇವೆ, ಶುಗರ್ ಕಂಟ್ರೋಲ್ ಮಾಡಿ" ಅಂದು ಕಳಿಸಿದರು. ಇದು ನನಗೆ ಇವತ್ತಿಗೂ ಬೇಸರ.

ಎರಡು ವಾರದಲ್ಲಿ ಎಡಗಣ್ಣಿಗೆ ಬಾಗಿಲಿನ ಚೌಕಟ್ಟು ಡೊಂಕಾಗಿ ಕಾಣತೊಡಗಿತು. ಮೈಸೂರಲ್ಲೇ ಇನ್ನೊಂದು ಕಡೆ ಓಸಿಟಿ, ಅಂದರೆ ಪರದೆಯ ಪದರಗಳನ್ನು ಬೆಳಕಿನಿಂದ ಬಿಡಿಸಿ ತೋರಿಸುವ ಸ್ಕ್ಯಾನ್ ಮಾಡಿಸಿದೆ. ಗದ್ದ ಇಡಿ, ಹಣೆ ತಾಗಿಸಿ, ಆ ಚುಕ್ಕೆಯನ್ನೇ ನೋಡಿ ಸಾರ್, ರೆಪ್ಪೆ ಬಡಿಯಬೇಡಿ, ಅಷ್ಟೇ. ನೋವಿಲ್ಲ, ಕಣ್ಣಿಗೆ ಏನೂ ತಾಗುವುದಿಲ್ಲ. ಎಕ್ಸ್‌ರೇ ಅಲ್ಲ, ಬರೀ ಬೆಳಕು. ಕಣ್ಣಿಗೆ ಹೆಚ್ಚುಕಮ್ಮಿ ಕಾಣದ ಕೆಂಪು ಬೆಳಕನ್ನು ಒಳಗೆ ಬಿಟ್ಟು, ಯಾವ ಆಳದಿಂದ ಎಷ್ಟು ವಾಪಸ್ ಬರುತ್ತದೆ ಅಂತ ಅಳೆಯುತ್ತಾರೆ. 1991ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಮೊದಲು ಪ್ರಕಟಿಸಿದರು. ಈಗಿನ ಯಂತ್ರಗಳು ಸುಮಾರು 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಮೈಕ್ರಾನ್) ಸೂಕ್ಷ್ಮದವರೆಗೆ ಪದರ ಬಿಡಿಸಿ ತೋರಿಸುತ್ತವೆ. ನಮ್ಮ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳು ಅದು.

ಕಂಪ್ಯೂಟರ್‌ನಲ್ಲಿ ಮೂಡಿದ್ದನ್ನು ನೋಡಿ ನನಗೆ ನಮ್ಮೂರಲ್ಲಿ ಬಾವಿ ತೋಡಿದಾಗ ಗೋಡೆಯಲ್ಲಿ ಕಾಣುವ ಮಣ್ಣಿನ ಪದರಗಳೇ ನೆನಪಾದವು. ಎಡಗಣ್ಣಿನ ಪರದೆಯ ನಡುವಿನಲ್ಲಿ ಕಪ್ಪು ಗುಳ್ಳೆಗಳು. ನೀರು ತುಂಬಿ ಊದಿಕೊಂಡಿದೆ ಅಂದರು. ನಡುವಿನ ದಪ್ಪ 352 ಮೈಕ್ರಾನ್, ಬಲಗಣ್ಣಿನದು 268. ಹಳೆಯ ಫೋಟೊ ತೆಗೆದು ಪಕ್ಕದಲ್ಲಿಟ್ಟೆ. ಡಾಕ್ಟರು ನಡುವಿನ ಹತ್ತಿರದ ಸಣ್ಣ ಹಳದಿ ಚುಕ್ಕೆಗಳನ್ನು ತೋರಿಸಿ, "ಇವು ಸುಳಿವು ಕೊಡ್ತಾ ಇದ್ದವು. ಆದರೆ ಊತ ಎಷ್ಟು ಅಂತ ಫೋಟೊ ಹೇಳಲ್ಲ" ಅಂದರು. ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಒಳಗೆ ಎಷ್ಟು ತೇವ ಇದೆ ಅಂತ ಗೊತ್ತಾಗುತ್ತದಾ? ಹಾಗೇ.

ಆದರೆ ಓಸಿಟಿಯೊಂದೇ ಸಾಕು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನನಗೆ ಮಾಡಿದ ಸ್ಕ್ಯಾನ್ ನಡುವಿನ 6 ಮಿಲಿಮೀಟರ್ ಚೌಕದ್ದು. ದೂರದ ಅಂಚಿನಲ್ಲಿ ಪರದೆ ಹರಿದಿದ್ದರೆ ಅದು ಅದರಲ್ಲಿ ಬರುವುದೇ ಇಲ್ಲ. ಕಣ್ಣಿನ ಪೊರೆ ಬಲಿತವರಿಗೆ ಫೋಟೊವೂ ಮಬ್ಬು, ಓಸಿಟಿಯೂ ಮಬ್ಬು. ನನ್ನ ವರದಿಯಲ್ಲಿ 10ಕ್ಕೆ ಇಷ್ಟು ಅಂತ ಸಿಗ್ನಲ್ ಅಂಕಿ ಇತ್ತು. 6ಕ್ಕಿಂತ ಕಡಿಮೆ ಬಂದರೆ ಆ ಚಿತ್ರವನ್ನು ನಂಬುವುದು ಕಷ್ಟ ಅಂದರು.

ಕೈಗೆ ಬಣ್ಣದ ಇಂಜೆಕ್ಷನ್ ಕೊಟ್ಟು ರಕ್ತನಾಳದ ಫೋಟೊ ತೆಗೆಯುವುದೂ ಒಂದಿದೆ. ನನಗೆ ಒಮ್ಮೆ ಮಾಡಿದರು. ಹೊಟ್ಟೆ ತೊಳಸಿತು, ಮಾರನೇ ದಿನದವರೆಗೂ ಮೂತ್ರ ಗಾಢ ಹಳದಿ. ಡಾಕ್ಟರು ಬೇಕೇ ಬೇಕು ಅಂದರೆ ಮಾಡಿಸಿ, ಸುಮ್ನೆ ಕೇಳಿ ಮಾಡಿಸುವುದಲ್ಲ.

ಹಾಗಾಗಿ ನನ್ನ ಆಯ್ಕೆ ಹೀಗಿದೆ. ವರ್ಷಕ್ಕೊಮ್ಮೆ ಹನಿ ಹಾಕಿಸಿ ಡಾಕ್ಟರೇ ನೋಡಬೇಕು, ಅದನ್ನು ಬಿಡುವುದಿಲ್ಲ. ಜೊತೆಗೆ ಫೋಟೊ, ಮುಂದಿನ ವರ್ಷಕ್ಕೆ ಹೋಲಿಸಲು. ಗೆರೆ ಡೊಂಕಾಯಿತು, ನಡುವೆ ಮಸುಕಾಯಿತು ಅಂದರೆ ಅದೇ ವಾರ ಓಸಿಟಿ. ದುಡ್ಡು ಒಂದಕ್ಕೇ ಇದ್ದರೆ, ತೊಂದರೆ ಇನ್ನೂ ಕಾಣದವರು ಹನಿಯ ಪರೀಕ್ಷೆಗೇ ಹಾಕಲಿ.

ಆ ಊತ ಇಳಿಯಲೆಂದು ನನಗೆ ಕಣ್ಣಿಗೇ ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಆಯಿತು. ಮೊನ್ನೆ ಎಡಗಣ್ಣಿನ ದಪ್ಪ 291ಕ್ಕೆ ಇಳಿದಿದೆ, ಚೌಕಟ್ಟು ನೆಟ್ಟಗಾಗಿದೆ. ಬೇರೆ ಕಂಪನಿಯ ಯಂತ್ರದಲ್ಲಿ ಅಳತೆ ಬೇರೆ ಬರುತ್ತದೆ. ಅದಕ್ಕೇ ಮುಂದಿನ ಸ್ಕ್ಯಾನ್‌ಗೂ ಹಳೇ ಪ್ರಿಂಟ್ ಹಿಡಿದುಕೊಂಡು ಅದೇ ಯಂತ್ರದ ಮುಂದೆ ಕೂರುತ್ತೇನೆ.